ತೇಪೆ ಹಾಕಿದ ಕಿಟಕಿಗಳು

ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. 2ರ 32ನೆಯ ಘಾತದ ಬೆಲೆ 4,29,49,67,296. ಇಷ್ಟು ಮಿಲಿಸೆಕೆಂಡುಗಳು ಎಂದರೆ ಎಷ್ಟು ದಿನ? ಒಂದು ದಿನದಲ್ಲಿ 8,64,00,000 ಮಿಲಿಸೆಕೆಂಡುಗಳಿವೆ. ಭಾಗಿಸಿ ನೋಡಿ, ಸುಮಾರು 49.7 ದಿನ ಎಂಬ ಉತ್ತರ ಬರುತ್ತದೆ.

ಈ ಸಂಖ್ಯೆಗೂ ಗಣಕದ ಚರಿತ್ರೆಗೂ ಒಂದು ವಿಚಿತ್ರ ನಂಟಿದೆ. ಅಮೆರಿಕದ ಮೈಕ್ರೊಸಾಫ್ಟ್ ಕಂಪನಿ 1995ರ ಆಗಸ್ಟ್ 24ರಂದು ವಿಂಡೋಸ್ 95 ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ಯಂತ್ರಾಂಶಕ್ಕೂ ನಾವು ಬಳಸುವ ಉಳಿದ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ಮೂಲ ತಂತ್ರಾಂಶ ಅದು. ಗಣಕವನ್ನು ಚಾಲೂ ಮಾಡಿದ ಕ್ಷಣದಿಂದ ಕಳೆದ ಮಿಲಿಸೆಕೆಂಡುಗಳನ್ನು ಎಣಿಸುವ 32 ಬಿಟ್‌ಗಳ ಎಣಿಕೆ ಅದರೊಳಗಿತ್ತು. ಹಳೆಯ ಸ್ಕೂಟರಿನ ಕಿಲೋಮೀಟರ್ ಮಾಪಕ 99,999 ಮುಟ್ಟಿದ ಮೇಲೆ ಸೊನ್ನೆಗೆ ಮರಳುತ್ತದಲ್ಲವೇ? ಹಾಗೆಯೇ ಈ ಎಣಿಕೆಯೂ 49.7 ದಿನಗಳಾದಾಗ ಸೊನ್ನೆಗೆ ಮರಳುತ್ತಿತ್ತು. ಆಗ ಗಣಕ ಸ್ತಬ್ಧವಾಗಿ ನಿಲ್ಲುವ ಸಾಧ್ಯತೆ ಇತ್ತು. ವಿಂಡೋಸ್ 98ರಲ್ಲಿಯೂ ಇದೇ ದೋಷ ಮುಂದುವರಿಯಿತು.

ಈ ದೋಷ ಪ್ರಕಟವಾಗಿ ಅದಕ್ಕೆ ಪರಿಹಾರ ದೊರೆತದ್ದು 1999ರಲ್ಲಿ, ಎಂದರೆ ಮೂರೂವರೆ ವರ್ಷಗಳ ನಂತರ. ಇಷ್ಟು ತಡವೇಕೆ? ಮನೆಯ ಗಣಕವನ್ನು ರಾತ್ರಿ ಆರಿಸುವುದು ರೂಢಿ ಎಂಬುದು ನಿಜ. ಆದರೆ ಬಳಕೆದಾರರು ನಗುತ್ತಾ ಹೇಳುತ್ತಿದ್ದ ಕಾರಣ ಬೇರೆ. ಐವತ್ತು ದಿನ ಕೆಡದೆ ಓಡಿದ ವಿಂಡೋಸ್ ಗಣಕವನ್ನು ಯಾರಾದರೂ ಕಂಡಿದ್ದರೆ ತಾನೆ ಈ ದೋಷ ಗೊತ್ತಾಗುವುದು!

ಆ ನಗುವಿನ ಹಿಂದೆ ಸಿಟ್ಟೂ ಇತ್ತು. ದುಡ್ಡು ಕೊಟ್ಟು ಕೊಂಡ ವಸ್ತು ಮತ್ತೆ ಮತ್ತೆ ಕೈಕೊಟ್ಟರೆ ನೀವು ಅಂಗಡಿಗೆ ಹಿಂದಿರುಗಿಸುತ್ತೀರಿ. ತಂತ್ರಾಂಶದ ವಿಷಯದಲ್ಲಿ ಮಾತ್ರ ಕೋಟ್ಯಂತರ ಜನ ಗಣಕವನ್ನು ಆರಿಸಿ, ಮತ್ತೆ ಚಾಲೂ ಮಾಡಿ ಸುಮ್ಮನಾದರು. ಇದು ಹೇಗೆ ಸಾಧ್ಯವಾಯಿತು? ಈ ದೋಷಗಳು ಅನಿವಾರ್ಯವಾಗಿದ್ದವೇ?

ನೀಲಿ ಪರದೆ

1998ರ ಏಪ್ರಿಲ್ 20ರಂದು ಅಮೆರಿಕದ ಗಣಕ ಮೇಳವೊಂದರಲ್ಲಿ, ಇನ್ನೂ ಬಿಡುಗಡೆಯಾಗದಿದ್ದ ವಿಂಡೋಸ್ 98ರ ಪ್ರದರ್ಶನ ನಡೆಯಿತು. ಸಂಸ್ಥಾಪಕ ಬಿಲ್ ಗೇಟ್ಸ್ ವೇದಿಕೆಯಲ್ಲಿದ್ದರು. ಸಹೋದ್ಯೋಗಿ ಒಂದು ಸ್ಕ್ಯಾನರನ್ನು ಗಣಕಕ್ಕೆ ಜೋಡಿಸಿದ್ದೇ ತಡ, ದೊಡ್ಡ ಪರದೆ ನೀಲಿಯಾಗಿ ದೋಷದ ಸಂದೇಶ ಮೂಡಿತು. ಸಭೆ ಗೊಳ್ಳೆಂದು ನಕ್ಕಿತು. ಇದಕ್ಕಾಗಿಯೇ ಇದನ್ನು ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಎಂಬ ಅರ್ಥದ ಮಾತನ್ನಾಡಿ ಗೇಟ್ಸ್ ಸಾವರಿಸಿಕೊಂಡರು.

ಇಲ್ಲಿ ನ್ಯಾಯವಾಗಿ ಒಂದು ಅಂಶವನ್ನು ಹೇಳಬೇಕು. ವಿಂಡೋಸ್ ನೂರಾರು ತಯಾರಕರ ಸಾವಿರಾರು ಬಗೆಯ ಉಪಕರಣಗಳೊಡನೆ ಹೊಂದಿಕೊಳ್ಳಬೇಕಿತ್ತು. ಪ್ರತಿ ಉಪಕರಣಕ್ಕೂ ‘ಡ್ರೈವರ್’ ಎಂಬ ಪುಟ್ಟ ತಂತ್ರಾಂಶ ಬೇಕು. ಇದನ್ನು ಬರೆಯುತ್ತಿದ್ದವರು ಹೆಚ್ಚಾಗಿ ಹೊರಗಿನವರು. ನೀಲಿ ಪರದೆಗಳಲ್ಲಿ ಗಣನೀಯ ಪಾಲು ಅವರ ತಪ್ಪುಗಳದ್ದು. ಆದರೆ ಒಂದು ಡ್ರೈವರ್ ತಪ್ಪಿದರೆ ಇಡೀ ಗಣಕ ಕುಸಿಯುವಂತೆ ವ್ಯವಸ್ಥೆಯನ್ನು ರಚಿಸಿದ್ದು ಕಂಪನಿಯೇ ಅಲ್ಲವೇ?

ಕೆಲಸ ಕೆಡುವುದು ಒಂದು ತೊಂದರೆ. ಕಳ್ಳನಿಗೆ ಬಾಗಿಲು ತೆರೆದಿರುವುದು ಇನ್ನೂ ದೊಡ್ಡ ತೊಂದರೆ. 2000ದ ಮೇ 4ರಂದು ಫಿಲಿಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ಎಂಬ ಹುಳು ಇದನ್ನು ತೋರಿಸಿಕೊಟ್ಟಿತು. ತಾನೇ ತನ್ನ ಪ್ರತಿಗಳನ್ನು ಮಾಡಿಕೊಂಡು ಜಾಲದಲ್ಲಿ ಹರಡುವ ತಂತ್ರಾಂಶಕ್ಕೆ ಹುಳು ಎಂದು ಹೆಸರು. ಈ ಹುಳು ಪ್ರೇಮಪತ್ರದ ವೇಷದಲ್ಲಿ ಇ-ಮೇಲ್ ಮೂಲಕ ಬರುತ್ತಿತ್ತು. ಅದರ ಕಡತದ ಹೆಸರಿಗೆ ಎರಡು ಬಾಲಗಳಿದ್ದವು. ಮೊದಲನೆಯದು ಸಾಮಾನ್ಯ ಪಠ್ಯವನ್ನು ಸೂಚಿಸುವ ‘ಟಿಎಕ್ಸ್‌ಟಿ’. ಎರಡನೆಯದು ಚಾಲನೆಗೊಳ್ಳುವ ಕ್ರಮವಿಧಿಯನ್ನು ಸೂಚಿಸುವ ‘ವಿಬಿಎಸ್’. ಬಳಕೆದಾರರಿಗೆ ಗೊಂದಲವಾಗದಿರಲೆಂದು ವಿಂಡೋಸ್ ತನಗೆ ಪರಿಚಿತವಾದ ಕೊನೆಯ ಬಾಲವನ್ನು ಮರೆಮಾಡುತ್ತಿತ್ತು. ಹೀಗಾಗಿ ನೋಡುವವರಿಗೆ ಅದು ಬರೀ ಪತ್ರವಾಗಿ ಕಂಡಿತು. ತೆರೆದ ಕೂಡಲೇ ಅದು ಚಿತ್ರಗಳ ಕಡತಗಳನ್ನು ಅಳಿಸಿ, ವಿಳಾಸ ಪಟ್ಟಿಯಲ್ಲಿದ್ದ ಎಲ್ಲರಿಗೂ ತನ್ನ ಪ್ರತಿಯನ್ನು ಕಳಿಸಿತು. ಅನುಕೂಲಕ್ಕೆಂದು ಮಾಡಿದ ಏರ್ಪಾಡೇ ಅಪಾಯಕ್ಕೆ ದಾರಿಯಾಯಿತು.

ದುಪ್ಪಟ್ಟಾಗುವ ಲೆಕ್ಕ

ಮುಂದಿನ ಹುಳುಗಳಿಗೆ ಮನುಷ್ಯರ ಕ್ಲಿಕ್ ಕೂಡ ಬೇಕಾಗಲಿಲ್ಲ. 2001ರ ಜುಲೈ 19ರಂದು ‘ಕೋಡ್ ರೆಡ್’ ಎಂಬ ಹುಳು ಮೈಕ್ರೊಸಾಫ್ಟ್‌ನ ಜಾಲ ಸರ್ವರ್ ತಂತ್ರಾಂಶದ ದೋಷವನ್ನು ಬಳಸಿಕೊಂಡು 14 ಗಂಟೆಗಳೊಳಗೆ ಸುಮಾರು 3,59,000 ಗಣಕಗಳನ್ನು ಹೊಕ್ಕಿತು. ಆರಂಭದಲ್ಲಿ ಅದರ ಸಂಖ್ಯೆ ಸುಮಾರು 37 ನಿಮಿಷಗಳಿಗೊಮ್ಮೆ ದುಪ್ಪಟ್ಟಾಗುತ್ತಿತ್ತು ಎಂದು ಸಂಶೋಧಕರು ಅಳೆದರು. ಇದನ್ನು ನೀವೇ ಪರೀಕ್ಷಿಸಬಹುದು. ಒಂದರಿಂದ ಹೊರಟು 19 ಸಲ ದುಪ್ಪಟ್ಟು ಮಾಡಿದರೆ 5,24,288 ಆಗುತ್ತದೆ. ಅದಕ್ಕೆ ಬೇಕಾದ ಕಾಲ 703 ನಿಮಿಷ, ಎಂದರೆ ಹನ್ನೆರಡು ಗಂಟೆಗೂ ಕಡಿಮೆ. ಸೋಂಕು ತಗಲದ ಗಣಕಗಳು ಕಡಿಮೆಯಾದಂತೆ ವೇಗ ತಗ್ಗುವುದರಿಂದ ನಿಜವಾದ ಕಾಲ ಸ್ವಲ್ಪ ಹೆಚ್ಚು. ಮುಚ್ಚಿದ ಪಾತ್ರೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಕ್ರರೇಖೆಯೂ ಇದೇ ಬಗೆಯದು.

ಈಗ 2003ರ ಜನವರಿ 25ಕ್ಕೆ ಬನ್ನಿ. ಆ ದಿನ ನಮ್ಮ ಗಡಿಯಾರದಲ್ಲಿ ಬೆಳಗಿನ 11ರ ಹೊತ್ತಿಗೆ ‘ಸ್ಲ್ಯಾಮರ್’ ಕಾಣಿಸಿಕೊಂಡಿತು. ಅದರ ಗಾತ್ರ 376 ಬೈಟ್ ಮಾತ್ರ. ಈ ಪ್ಯಾರಾಕ್ಕಿಂತಲೂ ಚಿಕ್ಕದು. ಅದು ದುಪ್ಪಟ್ಟಾಗಲು ತೆಗೆದುಕೊಂಡ ಕಾಲ ಸುಮಾರು 8.5 ಸೆಕೆಂಡು. ಕೋಡ್ ರೆಡ್ ದೂರವಾಣಿ ಕರೆ ಮಾಡಿದಂತೆ ಆ ಕಡೆಯ ಉತ್ತರಕ್ಕೆ ಕಾಯಬೇಕಿತ್ತು. ಸ್ಲ್ಯಾಮರ್ ಹಾಗಲ್ಲ, ಅಂಚೆ ಕಾರ್ಡುಗಳನ್ನು ಎಸೆಯುವಂತೆ ಉತ್ತರಕ್ಕೆ ಕಾಯದೆ ಸಿಕ್ಕ ಸಿಕ್ಕ ವಿಳಾಸಕ್ಕೆ ತನ್ನನ್ನು ಕಳಿಸುತ್ತಿತ್ತು. ಸೋಂಕು ತಗಲಬಹುದಾದ ಗಣಕಗಳಲ್ಲಿ ಶೇಕಡ 90ರಷ್ಟನ್ನು ಅದು 10 ನಿಮಿಷಗಳಲ್ಲಿ ಮುಟ್ಟಿತು. ಒಟ್ಟು ಕನಿಷ್ಠ 75,000 ಗಣಕಗಳು. ಅಮೆರಿಕದ ಒಂದು ದೊಡ್ಡ ಬ್ಯಾಂಕಿನ ಸುಮಾರು 13,000 ಎಟಿಎಂಗಳ ಸೇವೆಗೆ ಅಡಚಣೆಯಾಯಿತು. ದಕ್ಷಿಣ ಕೊರಿಯದ ಅಂತರಜಾಲ ತತ್ತರಿಸಿತು. ಒಹಾಯೊದ ಡೇವಿಸ್-ಬೆಸ್ಸಿ ಪರಮಾಣು ಸ್ಥಾವರದಲ್ಲಿ ಸುರಕ್ಷತಾ ಮಾಹಿತಿ ತೋರಿಸುವ ವ್ಯವಸ್ಥೆ ಸುಮಾರು ಐದು ಗಂಟೆ ಕೆಲಸ ಮಾಡಲಿಲ್ಲ. ಪುಣ್ಯಕ್ಕೆ ಆಗ ರಿಯಾಕ್ಟರ್ ಸ್ಥಗಿತಗೊಂಡಿತ್ತು.

ಈ ದೋಷಕ್ಕೆ ಕಂಪನಿ ಆರು ತಿಂಗಳ ಮೊದಲೇ, 2002ರ ಜುಲೈನಲ್ಲಿ, ತೇಪೆ ಒದಗಿಸಿತ್ತು. ಹಾಗಾದರೆ ತಪ್ಪು ತೇಪೆ ಹಾಕಿಕೊಳ್ಳದ ಗ್ರಾಹಕರದೇ? ಪೂರ್ತಿ ಹಾಗೆನ್ನಲಾಗದು. ಆ ದತ್ತಸಂಚಯ ತಂತ್ರಾಂಶ ಬೇರೆ ಅನೇಕ ಉತ್ಪನ್ನಗಳ ಹೊಟ್ಟೆಯೊಳಗೂ ಅಡಗಿತ್ತು. ಅದು ತಮ್ಮ ಗಣಕದಲ್ಲಿ ಇದೆಯೆಂದೇ ಹಲವರಿಗೆ ಗೊತ್ತಿರಲಿಲ್ಲ. ಅಷ್ಟೇಕೆ, ಮೈಕ್ರೊಸಾಫ್ಟ್‌ನ ಸ್ವಂತ ಗಣಕಗಳಿಗೂ ಸ್ಲ್ಯಾಮರ್ ತಗಲಿತು. 8.5 ಸೆಕೆಂಡಿಗೊಮ್ಮೆ ದುಪ್ಪಟ್ಟಾಗುವುದನ್ನು ತಡೆಯಲು ಹುಳು ಹೊರಟ ಮೇಲೆ ಓಡಿ ಪ್ರಯೋಜನವಿಲ್ಲ. ಮೊದಲೇ ಓಡೋಣವೆಂದರೆ ತೇಪೆಗಳಿಗೆ ಕೊನೆಯೇ ಇರಲಿಲ್ಲ. ಕೆಲವು ತೇಪೆಗಳು ಸರಿಯಾಗಿದ್ದುದನ್ನೂ ಕೆಡಿಸುತ್ತಿದ್ದವು.

ಗೊತ್ತಿದ್ದ ರೋಗ, ಗೊತ್ತಿದ್ದ ಮದ್ದು

ಕೋಡ್ ರೆಡ್ ಮತ್ತು ಸ್ಲ್ಯಾಮರ್ ಎರಡೂ ನುಗ್ಗಿದ ಬಾಗಿಲು ಒಂದೇ ಬಗೆಯದು. ಶಿಕ್ಷಕರಿಗೆ ಪರಿಚಿತವಾದ ಅಂಕಪಟ್ಟಿಯನ್ನು ನೆನೆಯಿರಿ. ಹೆಸರಿನ ಅಂಕಣದಲ್ಲಿ 20 ಅಕ್ಷರಗಳಿಗೆ ಜಾಗವಿದೆ. ಪಕ್ಕದಲ್ಲಿ ಅಂಕಗಳ ಅಂಕಣವಿದೆ. ಒಬ್ಬ ಜಾಣ ವಿದ್ಯಾರ್ಥಿ ತನ್ನ ಹೆಸರನ್ನು 23 ಅಕ್ಷರಗಳಷ್ಟು ಉದ್ದ ಕೊಟ್ಟು, ಕೊನೆಯ ಮೂರು ಜಾಗದಲ್ಲಿ ‘100’ ಎಂದು ಬರೆಯಿಸುತ್ತಾನೆ. ಗುಮಾಸ್ತ ಗಡಿ ನೋಡದೆ ನಕಲು ಮಾಡಿದರೆ ಅಂಕಗಳ ಅಂಕಣದಲ್ಲಿ ನೂರು ಬಂದು ಕೂರುತ್ತದೆ! ಗಣಕದ ಸ್ಮೃತಿಯಲ್ಲಿಯೂ ಹೀಗೆಯೇ. ನಿಗದಿತ ಜಾಗವನ್ನು ಮೀರಿ ಬಂದ ದತ್ತಾಂಶ ಪಕ್ಕದ ಜಾಗವನ್ನು ಆಕ್ರಮಿಸಿ, ಮುಂದೇನು ಮಾಡಬೇಕೆಂಬ ಆದೇಶವನ್ನೇ ಬದಲಿಸಬಹುದು. ಬರೆಯುವ ಮುನ್ನ ಗಡಿಯನ್ನು ಪರೀಕ್ಷಿಸುವುದೇ ಮದ್ದು.

ಇದು ಹೊಸ ಜ್ಞಾನವೇ? ಖಂಡಿತ ಅಲ್ಲ. 1988ರ ನವೆಂಬರ್ 2ರಂದು ಯೂನಿಕ್ಸ್ ಗಣಕಗಳನ್ನು ಕೆಡಿಸಿದ ಮಾರಿಸ್ ಹುಳು ಬಳಸಿದ ದಾರಿಗಳಲ್ಲಿ ಇದೂ ಒಂದು. ಅದಕ್ಕೂ ಹಿಂದೆ, 1960ರ ದಶಕದಲ್ಲಿ, ಬ್ರಿಟನ್ನಿನ ಟೋನಿ ಹೋರ್ ಎಲಿಯಟ್ ಗಣಕಕ್ಕಾಗಿ ಆಲ್ಗಾಲ್ ಭಾಷೆಯ ಅನುವಾದಕವನ್ನು ರಚಿಸಿದಾಗ ಪ್ರತಿ ಹೆಜ್ಜೆಯಲ್ಲೂ ಗಡಿ ಪರೀಕ್ಷೆ ನಡೆಯುವಂತೆ ಮಾಡಿದ್ದರು. ವೇಗಕ್ಕಾಗಿ ಇದನ್ನು ತೆಗೆಯಬೇಕೇ ಎಂದು ಆಮೇಲೆ ಗ್ರಾಹಕರನ್ನು ಕೇಳಿದರಂತೆ. ಗ್ರಾಹಕರು ಒಕ್ಕೊರಲಿನಿಂದ ಬೇಡ ಎಂದರು. 1980ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಹೋರ್ ಇದನ್ನು ಸ್ಮರಿಸಿ, ಬೇರೆ ಯಾವುದೇ ಎಂಜಿನಿಯರಿಂಗ್ ಶಾಖೆಯಲ್ಲಿ ಇಂಥ ಎಚ್ಚರಿಕೆಯನ್ನು ಕೈಬಿಡುವುದು ಕಾನೂನುಬಾಹಿರವಾಗುತ್ತಿತ್ತು ಎಂದು ಎಚ್ಚರಿಸಿದರು.

ಆದ್ದರಿಂದ ಕೊರತೆ ಇದ್ದದ್ದು ಜ್ಞಾನದಲ್ಲಲ್ಲ. ಹೊಸ ಸೌಲಭ್ಯ ಜಾಹೀರಾತಿನಲ್ಲಿ ಕಾಣುತ್ತದೆ, ಗಡಿ ಪರೀಕ್ಷೆ ಕಾಣುವುದಿಲ್ಲ. ಬೇಗ ಮಾರುಕಟ್ಟೆಗೆ ಬಂದವನಿಗೆ ಲಾಭ. ದೋಷದ ನಷ್ಟವಾದರೋ ಗ್ರಾಹಕನದು. ವಿಂಡೋಸ್ ಎಕ್ಸ್‌ಪಿಯ ಪರವಾನಗಿ ಪತ್ರದ ಪ್ರಕಾರ ಕಂಪನಿಯ ಹೊಣೆ ಗ್ರಾಹಕ ಕೊಟ್ಟ ಬೆಲೆ ಅಥವಾ 5 ಡಾಲರ್, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟಕ್ಕೆ ಸೀಮಿತವಾಗಿತ್ತು. ಬೇಸತ್ತವರು ಬೇರೆಡೆಗೆ ಹೋಗೋಣವೆಂದರೆ ದಾರಿ ಕಿರಿದು. 1999ರಲ್ಲಿ ಅಮೆರಿಕದ ನ್ಯಾಯಾಲಯ ಕಂಡುಕೊಂಡಂತೆ ಇಂಟೆಲ್ ಮಾದರಿಯ ವೈಯಕ್ತಿಕ ಗಣಕಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಪಾಲು ವಿಂಡೋಸ್‌ನದಾಗಿತ್ತು. ಒಂದೇ ಬೆಳೆಯ ತೋಟಕ್ಕೆ ರೋಗ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ 19ನೆಯ ಶತಮಾನದಲ್ಲಿ ತುಕ್ಕು ರೋಗದಿಂದ ನಾಶವಾದ ಸಿಂಹಳದ ಕಾಫಿ ತೋಟಗಳೇ ಸಾಕ್ಷಿ.

ಒಂದು ಜ್ಞಾಪನ ಪತ್ರ

ಆದರೂ ಸಿಟ್ಟು ವ್ಯರ್ಥವಾಗಲಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ‘ನಿಮ್ಡಾ’ ಹುಳು ಬಂದ ಬಳಿಕ, ಎರಡೂ ಹುಳುಗಳಿಂದ ಪೆಟ್ಟು ತಿಂದವರು ಬೇರೆ ಸರ್ವರ್ ತಂತ್ರಾಂಶವನ್ನು ಪರಿಶೀಲಿಸುವುದು ಒಳಿತೆಂದು ಗಾರ್ಟ್ನರ್ ಎಂಬ ಸಲಹಾ ಸಂಸ್ಥೆ ಬಹಿರಂಗವಾಗಿ ಹೇಳಿತು. ಮಾರಾಟಕ್ಕೇ ಬಿಸಿ ತಟ್ಟುವ ಮಾತು ಅದು. 2002ರ ಜನವರಿ 15ರಂದು ಗೇಟ್ಸ್ ತಮ್ಮ ನೌಕರರೆಲ್ಲರಿಗೆ ಜ್ಞಾಪನ ಪತ್ರ ಬರೆದರು. ಹೊಸ ಸೌಲಭ್ಯವೋ ಭದ್ರತೆಯೋ ಎಂಬ ಪ್ರಶ್ನೆ ಬಂದಾಗ ಭದ್ರತೆಯನ್ನೇ ಆರಿಸಬೇಕು ಎಂಬುದು ಅದರ ಸಾರ. ಫೆಬ್ರವರಿಯಲ್ಲಿ ವಿಂಡೋಸ್‌ನ ಹೊಸ ಕೆಲಸವನ್ನೆಲ್ಲ ನಿಲ್ಲಿಸಿ, ಸುಮಾರು 8,500 ಮಂದಿ ಬರೆದಿದ್ದನ್ನು ಮರುಪರಿಶೀಲಿಸಲು ಕುಳಿತರು.

ಫಲ ಕೂಡಲೇ ಸಿಗಲಿಲ್ಲ. 2003ರ ಆಗಸ್ಟ್ 11ರಂದು ಬಂದ ‘ಬ್ಲಾಸ್ಟರ್’ ಹುಳುವಿನೊಳಗೆ, ಹಣ ಮಾಡುವುದನ್ನು ಬಿಟ್ಟು ತಂತ್ರಾಂಶವನ್ನು ಸರಿಪಡಿಸು ಎಂದು ಗೇಟ್ಸ್‌ರನ್ನೇ ಹಂಗಿಸುವ ಸಾಲಿತ್ತು. ಬೆಂಕಿ ಹಚ್ಚಿದವನೇ ಉಪದೇಶ ಮಾಡಿದಂತೆ! ವಿಪರ್ಯಾಸವೆಂದರೆ ಬ್ಲಾಸ್ಟರನ್ನು ತಡೆಯಬಲ್ಲ ಜಾಲ ತಡೆಗೋಡೆ ವಿಂಡೋಸ್ ಎಕ್ಸ್‌ಪಿಯಲ್ಲಿ 2001ರಿಂದಲೇ ಇತ್ತು. ಅದನ್ನು ಆರಿಸಿಟ್ಟು ಮಾರಲಾಗುತ್ತಿತ್ತು, ಅಷ್ಟೆ. 2004ರ ಆಗಸ್ಟ್‌ನಲ್ಲಿ ಬಂದ ದೊಡ್ಡ ಪರಿಷ್ಕರಣೆಯಲ್ಲಿ ಅದು ತಾನಾಗಿಯೇ ಚಾಲೂ ಆಗುವಂತಾಯಿತು. ಡ್ರೈವರುಗಳು ನಿಯಮ ಪಾಲಿಸುತ್ತವೆಯೇ ಎಂದು ಗಣಿತದ ತರ್ಕದಿಂದ ಪರೀಕ್ಷಿಸುವ ಸಾಧನವೂ ಬಂತು. ಅದಕ್ಕೆ ಬುನಾದಿ ಹಾಕಿದವರು ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ. ರಾಜಮಣಿಯವರು ಮುಂದೆ ಬೆಂಗಳೂರಿನಲ್ಲಿರುವ ಮೈಕ್ರೊಸಾಫ್ಟ್ ಸಂಶೋಧನಾಲಯದ ಮುಖ್ಯಸ್ಥರಾದರು.

ಘನ, ದ್ರವ, ಅನಿಲ

ಕತೆ ಇಲ್ಲಿಗೆ ಮುಗಿಯಿತೇ? ಇಲ್ಲ. ತನ್ನ ಉತ್ಪನ್ನಗಳಲ್ಲಿ ಪ್ರತಿವರ್ಷ ಮುಚ್ಚುವ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡ 70 ಸ್ಮೃತಿಯ ತಪ್ಪು ಬಳಕೆಗೆ ಸಂಬಂಧಿಸಿದವು ಎಂದು ಮೈಕ್ರೊಸಾಫ್ಟ್ 2019ರಲ್ಲಿ ತಿಳಿಸಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಬೇರೊಂದು ಕಂಪನಿಯ ಭದ್ರತಾ ತಂತ್ರಾಂಶ ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ನೀಲಿ ಪರದೆಗೆ ತಳ್ಳಿತು. ಬೆಂಗಳೂರೂ ಸೇರಿದಂತೆ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಸಾಲುಗಟ್ಟಿ ನಿಂತರು. ಕಾರಣವೇನು ಗೊತ್ತೇ? 20 ಮೌಲ್ಯಗಳಿದ್ದ ಪಟ್ಟಿಯಲ್ಲಿ ಕ್ರಮವಿಧಿ 21ನೆಯದನ್ನು ಓದಲು ಹೋಯಿತು! ಹೋರ್ ಹೇಳಿದ ಅದೇ ಗಡಿ. ದೋಷದ ಕಡತವನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರು. ಅಷ್ಟರಲ್ಲಿ ಕಾಲ ಮಿಂಚಿತ್ತು.

ನಷ್ಟದ ಹೊಣೆ ತಯಾರಕನ ಮೇಲೆ ಬೀಳುವವರೆಗೆ ಗಡಿ ಪರೀಕ್ಷೆ ಹಿಂದೆಯೇ ಉಳಿಯುತ್ತದೆ. ಐರೋಪ್ಯ ಒಕ್ಕೂಟ 2024ರಲ್ಲಿ ತನ್ನ ಉತ್ಪನ್ನ ಹೊಣೆಗಾರಿಕೆ ನಿಯಮವನ್ನು ಪರಿಷ್ಕರಿಸಿ, ತಂತ್ರಾಂಶವೂ ಉತ್ಪನ್ನವೇ ಎಂದು ಸ್ಪಷ್ಟಪಡಿಸಿತು. 2026ರ ಡಿಸೆಂಬರ್ 9ರ ನಂತರ ಮಾರುಕಟ್ಟೆಗೆ ಬರುವ ಉತ್ಪನ್ನಗಳಿಗೆ ಅದು ಅನ್ವಯ. ನಮ್ಮಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯ, ಮಾರಾಟ ತೆರಿಗೆಯ ಪ್ರಕರಣವೊಂದರಲ್ಲಿ, ಅಂಗಡಿಯಲ್ಲಿ ಸಿಗುವ ಸಿದ್ಧ ತಂತ್ರಾಂಶ ಸರಕೇ ಎಂದು ತೀರ್ಪಿತ್ತಿತು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ‘ಉತ್ಪನ್ನ’ ಎಂಬುದನ್ನು ವಿವರಿಸುವಾಗ ತಂತ್ರಾಂಶದ ಹೆಸರೆತ್ತದೆ, ಅದು ಅನಿಲ, ದ್ರವ ಅಥವಾ ಘನ ಸ್ಥಿತಿಯಲ್ಲಿರಬಹುದು ಎನ್ನುತ್ತದೆ. ತಂತ್ರಾಂಶ ಇವುಗಳಲ್ಲಿ ಯಾವ ಸ್ಥಿತಿಯದು? ಭೌತವಿಜ್ಞಾನದ ಅಧ್ಯಾಪಕನಾದ ನನಗೂ ಉತ್ತರ ಹೊಳೆಯುತ್ತಿಲ್ಲ. ಕಾನೂನು ಓದುವ ವಿದ್ಯಾರ್ಥಿಗಳು ಯೋಚಿಸಲಿ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಬೇರೆ ಕೆಲಸವಿದೆ. ಪ್ರಯೋಗಾಲಯದಲ್ಲಿ ವೋಲ್ಟ್ ಮಾಪಕವನ್ನು ಜೋಡಿಸುವ ಮುನ್ನ ಅದರ ವ್ಯಾಪ್ತಿಯನ್ನು ನೋಡಿ ಎಂದು ನಾವು ಮೊದಲ ದಿನವೇ ಕಲಿಸುತ್ತೇವೆ. ನೋಡದೆ ಜೋಡಿಸಿದವನು ಮಾಪಕ ಸುಟ್ಟರೆ ಅದೃಷ್ಟವನ್ನು ದೂರುವಂತಿಲ್ಲ. ನೀವು ಬರೆಯುವ ಹತ್ತು ಸಾಲಿನ ಕ್ರಮವಿಧಿಗೂ ಈ ನಿಯಮ ಅನ್ವಯಿಸುತ್ತದೆ. ಹತ್ತು ಸಂಖ್ಯೆ ಕೇಳುವಲ್ಲಿ ಹನ್ನೊಂದನ್ನು ಕೊಟ್ಟರೆ ಏನಾಗುತ್ತದೆ? ಸಹಪಾಠಿಯ ಕೈಗೆ ಕೊಡುವ ಮೊದಲು ಒಮ್ಮೆ ಕೊಟ್ಟು ನೋಡಿ.