ಮಗ್ಗದ ಗುಂಡಿಯೂ ನೇಕಾರನ ಬೆನ್ನೂ

1892ರಲ್ಲಿ ಬಿ. ಎಲ್. ರೈಸರು ಬ್ರಹ್ಮಗಿರಿಯ ಪರಿಸರದಲ್ಲಿ ಅಶೋಕನ ಶಾಸನಗಳನ್ನು ಕಂಡಂದಿನಿಂದ ಮೊಳಕಾಲ್ಮೂರು ಸೀಮೆಯ ಇತಿಹಾಸವನ್ನು ಬಂಡೆಗಳಲ್ಲಿ ಅರಸುವುದು ನಮಗೆ ವಾಡಿಕೆಯಾಗಿದೆ; ಆದರೆ ಅಲ್ಲಿಯ ನೇಕಾರರ ಮನೆಯ ನೆಲದಲ್ಲಿ ಅಗೆದ ಮಗ್ಗದ ಗುಂಡಿಯೂ ಒಂದು ಚರಿತ್ರೆಯನ್ನು ಹೇಳಬಲ್ಲುದು, ಆ ಚರಿತ್ರೆ ಬರೆಯಲ್ಪಟ್ಟಿರುವುದು ಮನುಷ್ಯನ ಬೆನ್ನಿನ ಮೇಲೆ. ಗುಂಡಿಯೊಳಗೆ ಕಾಲನ್ನಿಳಿಬಿಟ್ಟು, ಅಡಿಯ ಹಲಗೆಗಳನ್ನು ಒಂದಾದ ಮೇಲೊಂದರಂತೆ ಮೆಟ್ಟುತ್ತ, ಒಡಲಿನ ಬಣ್ಣವು ಅಂಚಿನ ಬಣ್ಣದೊಡನೆ ಬೆರೆಯದಂತೆ ಮೂರು ಲಾಳಿಗಳಿಂದ ರೇಷ್ಮೆ ಸೀರೆಯನ್ನು ನೇಯುವಾತನು, ಒರಗುವುದಕ್ಕೆ ಆಸರೆಯಿಲ್ಲದೆ, ಎಳೆಯ ಮೇಲೆ ಕಣ್ಣಿಟ್ಟು ಬಾಗಿಯೇ ದಿನವನ್ನು ಕಳೆಯಬೇಕು. ಚಳ್ಳಕೆರೆ ಸೀಮೆಯಲ್ಲಿ ಹುಣಸೆಬೀಜದ ಗಂಜಿ ಕುಡಿದ ಉಣ್ಣೆಯ ಹಾಸಿನೆದುರು ಕುಳಿತು ಕಂಬಳಿ ನೇಯುವ ಕುರುಬರ ಪಾಡೂ ಇದಕ್ಕಿಂತ ಸುಖದ್ದಲ್ಲ.

ಬೆನ್ನಿನಲ್ಲಿ ಕದಲುವ ಮಣಿಗಳು 24. ಭಾರವೆಲ್ಲ ಬಂದು ನಿಲ್ಲುವುದು ಸೊಂಟದ 5 ಮಣಿಗಳ ಮೇಲೆ. ಬಾಗಿ ಕುಳಿತಷ್ಟು ಹೊತ್ತೂ ಅವುಗಳ ನಡುವಣ ಮೆತ್ತೆಗಳು ಮುಂಭಾಗದಲ್ಲಿ ಅದುಮಿಕೊಳ್ಳುತ್ತವೆ. ಮೆತ್ತೆಯು ಹಿಂದಕ್ಕೆ ಉಬ್ಬಿ ನರಮೂಲವನ್ನು ಒತ್ತಿತಾದರೆ ವೇದನೆಯು ತೊಡೆಯನ್ನು ದಾಟಿ ಪಾದದವರೆಗೂ ಹರಿಯುತ್ತದೆ. ಸೊಂಟ ಹಿಡಿದುಕೊಂಡಿತು, ಉಳುಕಿತು ಎನ್ನುವ ನಮ್ಮ ಜನರು, ಕಾಲು ಮುಂದಾಗಿ ಹುಟ್ಟಿದವರಿಂದ ಮೆಟ್ಟಿಸಿಕೊಂಡರೆ ಉಳುಕು ಬಿಡುವುದೆಂದು ನಾಡಿನ ಹಲವೆಡೆ ನಂಬಿಕೊಂಡು ಬಂದವರು. 

ಇಂಥದೇ ನಂಬಿಕೆಯೊಂದು ದೂರದ ಅಮೆರಿಕದಲ್ಲಿ ಶಾಸ್ತ್ರದ ವೇಷವನ್ನು ತೊಟ್ಟಿತು. 1895ರ ಸೆಪ್ಟೆಂಬರಿನಲ್ಲಿ ಡ್ಯಾವೆನ್‌ಪೋರ್ಟ್ ಪಟ್ಟಣದ ಡಿ. ಡಿ. ಪಾಮರನು, ಕಿವಿ ಮಂದವಾಗಿದ್ದ ಹಾರ್ವಿ ಲಿಲ್ಲಾರ್ಡನ ಬೆನ್ನುಮಣಿಯೊಂದನ್ನು ಒತ್ತಿ ಕೂರಿಸಿ, ಆತನಿಗೆ ಶ್ರವಣಶಕ್ತಿ ಮರಳಿತೆಂದು ಸಾರಿದನು. ಕೈರೋಪ್ರಾಕ್ಟಿಕ್ ಹುಟ್ಟಿದುದು ಹೀಗೆ. 1910ರ ತನ್ನ ಗ್ರಂಥದಲ್ಲಿ ಅವನು ನೂರಕ್ಕೆ 95 ರೋಗಗಳಿಗೆ ಬೆನ್ನುಮಣಿಗಳ ಸ್ಥಾನಭ್ರಂಶವೇ ಮೂಲವೆಂದನು. ಮುಂದಿನ ಸಂಶೋಧನೆಗಳು ಈ ಸಿದ್ಧಾಂತವನ್ನು ಎತ್ತಿಹಿಡಿಯಲಿಲ್ಲ. ಸೊಂಟನೋವಿನಲ್ಲಿ ಇಂಥ ಕೈಚಿಕಿತ್ಸೆಯು ತಕ್ಕಮಟ್ಟಿಗೆ ಉಪಶಮನ ನೀಡಬಲ್ಲುದೆಂಬಷ್ಟನ್ನು ಮಾತ್ರ ಒಪ್ಪಿದವು.

ಪಾಮರನ ಕೈಯೂ ನಮ್ಮೂರಿನ ಮೆಟ್ಟುವ ಕಾಲೂ ನಂಬಿದುದು ಒಂದನ್ನೇ: ಎಂದೋ ಒಂದು ಕ್ಷಣದಲ್ಲಿ ಜಾರಿದ ಮಣಿಯು ಒಂದೇ ಒತ್ತಿಗೆ ತನ್ನ ನೆಲೆಗೆ ಮರಳುವುದೆಂಬುದನ್ನು. ನೇಕಾರನ ಬೆನ್ನಾದರೋ ಸೀರೆಯಂತೆಯೇ ಎಳೆಯೆಳೆಯಾಗಿ, ವರ್ಷಗಳುದ್ದಕ್ಕೂ ಬಾಗುತ್ತ ಬಂದುದು. ಮತ್ತು ಸಂಜೆ ಯಾರ ಕೈಯಿಂದ ನೋವಿಳಿಸಿಕೊಂಡರೂ ಬೆಳಗಾದೊಡನೆ ಅವನು ಇಳಿಯಬೇಕಾದುದು ಅದೇ ಗುಂಡಿಗೆ.