ಊರಿನ ದಾರಿಯ ಯೋಧ ಯಶವಂತ ಘಾಡ್ಗೆ

ಮುಂಬೈಯಿಂದ ಉಡುಪಿ, ಮಂಗಳೂರಿಗೆ ಬಸ್ಸಿನಲ್ಲಿ ಹೋಗುವ ನಮಗೆಲ್ಲ ಮಾಣಗಾಂವ್ ಗೊತ್ತು. ಪೇಣ್ ದಾಟಿ, ಮಹಾಡ್ ಬರುವ ಮೊದಲು ಸಿಗುವ ಪೇಟೆ. ಟ್ರಾಫಿಕ್ ಜಾಮ್ ಆದರೆ ಬೈದುಕೊಳ್ಳುತ್ತೇವೆ, ಇಲ್ಲದಿದ್ದರೆ ನಿದ್ದೆಯಲ್ಲೇ ದಾಟುತ್ತೇವೆ. ಆ ಊರಲ್ಲಿ ಒಬ್ಬ ಸೈನಿಕನ ಪ್ರತಿಮೆ ಇದೆ. ಅವನ ಹೆಸರು ನಾಯಕ್ ಯಶವಂತ ಘಾಡ್ಗೆ, ಮಾಣಗಾಂವ್ ತಾಲ್ಲೂಕಿನ ಪಳಸಗಾಂವದವನು. ಎರಡನೇ ಮಹಾಯುದ್ಧದಲ್ಲಿ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪಡೆದವನು.

ಅವನದು 5ನೇ ಮರಾಠಾ ಲೈಟ್ ಇನ್‌ಫಂಟ್ರಿಯ 3ನೇ ಬೆಟಾಲಿಯನ್. 1944ರ ಜುಲೈ 10ರಂದು ಇಟಲಿಯ ಟೈಬರ್ ನದಿ ಕಣಿವೆಯ ಮೇಲ್ಭಾಗದಲ್ಲಿ ಜರ್ಮನರ ಭದ್ರ ನೆಲೆಯೊಂದರ ಮೇಲೆ ಅವನ ಕಂಪನಿ ದಾಳಿಗೆ ಹೊರಟಿತು. ಹತ್ತಿರದಿಂದಲೇ ಮಷಿನ್‌ಗನ್ ಸಿಡಿಯಿತು. ಅವನ ಸೆಕ್ಷನ್‌ನಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರೂ ಸತ್ತರು, ಇಲ್ಲವೇ ಗಾಯಗೊಂಡು ಬಿದ್ದರು. ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದೂ ಅವನು ಮುಂದೆ ನುಗ್ಗಿದ. ಗ್ರೆನೇಡ್ ಎಸೆದು ಮಷಿನ್‌ಗನ್ನನ್ನು ಬಾಯಿ ಮುಚ್ಚಿಸಿದ. ಇನ್ನೊಬ್ಬನನ್ನು ಟಾಮಿಗನ್ನಿನಿಂದ ಹೊಡೆದ. ಮ್ಯಾಗಜಿನ್ ಬದಲಿಸಲು ಸಮಯವಿರಲಿಲ್ಲ. ಬಂದೂಕಿನ ನಳಿಗೆ ಹಿಡಿದು ಉಳಿದಿಬ್ಬರನ್ನು ಬಡಿದು ಕೊಂದ. ಅಷ್ಟರಲ್ಲಿ ಅಡಗಿದ್ದವರ ಗುಂಡುಗಳು ಅವನ ಎದೆಗೂ ಬೆನ್ನಿಗೂ ಬಿದ್ದವು. ತಾನು ಗೆದ್ದ ಜಾಗದಲ್ಲೇ ಪ್ರಾಣ ಬಿಟ್ಟ. ವಯಸ್ಸು 22. ಅವನಿಗೆ ಗುರುತಿರುವ ಸಮಾಧಿ ಇಲ್ಲ, ಇಟಲಿಯ ಕಸೀನೊ ಸ್ಮಾರಕದಲ್ಲಿ ಹೆಸರಷ್ಟೇ ಇದೆ.

ಈ ರೆಜಿಮೆಂಟ್ ನಮಗೆ ದೂರದ್ದಲ್ಲ. ಇದರ ಮೊದಲ ಬೆಟಾಲಿಯನ್ 1768ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಂಬೈ ಪಡೆಯಲ್ಲಿ ಹುಟ್ಟಿದ 'ಜಂಗಿ ಪಲ್ಟನ್'. ರೆಜಿಮೆಂಟಲ್ ಸೆಂಟರ್ ಇರುವುದು ಬೆಳಗಾವಿಯಲ್ಲಿ. ಆಗ ಬೆಳಗಾವಿ, ಧಾರವಾಡ, ಕಾರವಾರ ಎಲ್ಲವೂ ಮುಂಬೈ ಪ್ರಾಂತ್ಯದಲ್ಲೇ ಇದ್ದವು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು. ಗಡಿ ಜಗಳ ಇಂದಿಗೂ ಮುಗಿದಿಲ್ಲ. ಆದರೆ ಕೊಂಕಣದ ಹುಡುಗ ಇವತ್ತಿಗೂ ಸೈನಿಕನಾಗಲು ಬರುವುದು ಕರ್ನಾಟಕದ ಆ ಊರಿಗೇ!

ಇಂಥವರನ್ನು ನಾವು ಮರೆತದ್ದಕ್ಕೂ ಕಾರಣವಿದೆ. 1939ರಲ್ಲಿ ವೈಸರಾಯ್ ಇಲ್ಲಿನ ನಾಯಕರನ್ನು ಒಂದು ಮಾತು ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದ. 1942ರ ಆಗಸ್ಟ್ 8ರಂದು ಇದೇ ಮುಂಬೈಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ 'ಭಾರತ ಬಿಟ್ಟು ತೊಲಗಿ' ನಿರ್ಣಯವಾಯಿತು. ಒಂದು ಕಡೆ ಬ್ರಿಟಿಷರನ್ನು ಓಡಿಸಲು ಜೈಲಿಗೆ ಹೋದವರು, ಇನ್ನೊಂದು ಕಡೆ ಅದೇ ಬ್ರಿಟಿಷರ ಸೇನೆಯಲ್ಲಿ ಸುಮಾರು 25 ಲಕ್ಷ ಭಾರತೀಯರು. ಸ್ವತಂತ್ರ ದೇಶ ಮೊದಲಿನವರ ಚರಿತ್ರೆ ಬರೆಯಿತು. ಅದು ನ್ಯಾಯವೇ. ಆದರೆ ಎರಡನೆಯವರ ಪುಟವನ್ನು ಖಾಲಿ ಬಿಡಬೇಕಿತ್ತೆ? ಯುದ್ಧ ಸಾರಿದವರು ಅವರಲ್ಲ. ಎದುರಿಗಿದ್ದದ್ದು ಹಿಟ್ಲರನ ಸೇನೆ. ಘಾಡ್ಗೆಯ ಅದೇ ಬೆಟಾಲಿಯನ್ ಸ್ವಾತಂತ್ರ್ಯದ ನಂತರ ಪ್ಯಾರಾಚೂಟ್ ರೆಜಿಮೆಂಟಿನ 2 ಪ್ಯಾರಾ ಆಯಿತು. 1971ರ ಡಿಸೆಂಬರ್ 11ರಂದು ಟಂಗೈಲ್‌ನಲ್ಲಿ ಆಕಾಶದಿಂದ ಇಳಿದು, 16ರಂದು ಢಾಕಾ ಪ್ರವೇಶಿಸಿದ್ದು ಇದೇ ಪಡೆ. ಆಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದೇ ಪಲ್ಟನ್ನಿನ ಹಳೆಯ ಸಾವುಗಳು ಮಾತ್ರ ಬೇರೆಯವರ ಲೆಕ್ಕವೇ?

ನೆನಪಿಟ್ಟವರು ಇಟಲಿಯವರು. 2023ರ ಜುಲೈಯಲ್ಲಿ ಮೊಂತೋನೆ ಎಂಬ ಊರಿನಲ್ಲಿ ಯಶವಂತ ಘಾಡ್ಗೆಯ ಹೆಸರಿನಲ್ಲಿ ಒಂದು ನೆರಳು ಗಡಿಯಾರದ ಸ್ಮಾರಕ ಕಟ್ಟಿದರು. ನಾವೆಲ್ಲ ಒಂದೇ ಸೂರ್ಯನ ಕೆಳಗಿನವರು ಎಂಬುದು ಅದರ ಆಶಯ. ಇಟಲಿಯಲ್ಲಿ ಕಾದಾಡಿದ ಭಾರತೀಯರು 50,000ಕ್ಕೂ ಹೆಚ್ಚು, ಮಡಿದವರು 5,782.

ನನ್ನದು ಬ್ಯಾಂಕಿನ ಕೆಲಸ, ಅಂಕಿಗಳ ಜೊತೆಗೇ ಬದುಕು. ಪ್ರತಿ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಬರುವ ಪಿಂಚಣಿದಾರರಲ್ಲಿ ಸೈನಿಕರ ವಿಧವೆಯರೂ ಇರುತ್ತಾರೆ. ಸಹಿಯೋ ಹೆಬ್ಬೆಟ್ಟೋ ಒತ್ತಿ, ತಾನು ಬದುಕಿದ್ದೇನೆ ಎಂದು ದಾಖಲೆ ಕೊಟ್ಟು ಹೋಗುತ್ತಾರೆ. ಸರಕಾರ ಕೇಳುವುದು ಅಷ್ಟೇ. ಸತ್ತವನು ಯಾರು, ಎಲ್ಲಿ, ಹೇಗೆ ಸತ್ತ ಎಂದು ಕೇಳುವ ಕಾಲಂ ಆ ಫಾರಮ್ಮಿನಲ್ಲಿ ಇಲ್ಲ. ಅದನ್ನು ಕೇಳಬೇಕಾದವರು ನಾವು.