ಛಾವಣಿಯ ಕೆಳಗೆ ಜಿಪಿಎಸ್ ಎಡವುವುದೇಕೆ?

ಅಫಜಲಪುರ ತಾಲೂಕಿನ ಮಣ್ಣೂರ ಗ್ರಾಮದ ಹೊಲವೊಂದರಲ್ಲಿ ನಿಂತು 'ದಿಶಾಂಕ್' ಆ್ಯಪ್ ತೆರೆದರೆ, ನಿಂತ ಜಾಗದ ಸರ್ವೆ ನಂಬರ್ ಮೊಬೈಲಿನಲ್ಲಿ ಕಾಣುತ್ತದೆ. ಬದುವಿನ ಪಕ್ಕದ ಪತ್ರಾಸಿನ ಶೆಡ್ಡಿನೊಳಗೆ ಹೋಗಿ ನೋಡಿದರೆ ಪಕ್ಕದ ಹೊಲದ ನಂಬರ್ ಬಂದರೂ ಬರಬಹುದು. ಹಾಗೆಂದು ನಕಾಶೆಯೇ ತಪ್ಪು, ಯಾರೋ ಜಮೀನು ಒತ್ತಿದ್ದಾರೆ ಎಂದು ತೀರ್ಮಾನಿಸಬೇಕಿಲ್ಲ.

ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿ.ಮೀ. ಎತ್ತರದಲ್ಲಿವೆ. ಅಲ್ಲಿಂದ ನಮ್ಮನ್ನು ತಲುಪುವ ಸಂಕೇತ ಬಹಳ ಕ್ಷೀಣ. ತಗಡು, ಕಾಂಕ್ರೀಟು ಅದನ್ನು ತಡೆಯುತ್ತವೆ, ಇಲ್ಲವೇ ಗೋಡೆಗೆ ಬಡಿದು ಸುತ್ತುಬಳಸಿ ಬರುವಂತೆ ಮಾಡುತ್ತವೆ. ಆಗ ಫೋನು ಹತ್ತಿರದ ವೈಫೈ ಮತ್ತು ಮೊಬೈಲ್ ಟವರ್‌ಗಳನ್ನು ನೋಡಿ ಅಂದಾಜು ಹಾಕುತ್ತದೆ. ವೈಫೈ ವಿರಳವಾಗಿರುವ, ಟವರುಗಳು ದೂರದೂರ ಇರುವ ಹಳ್ಳಿಯಲ್ಲಿ ಆ ಅಂದಾಜು ನೂರಾರು ಮೀಟರ್ ತಪ್ಪಬಹುದು. ಗೂಗಲ್ ಮ್ಯಾಪಿನ ನೀಲಿ ಚುಕ್ಕೆಯ ಸುತ್ತ ಹರಡುವ ತಿಳಿನೀಲಿ ವೃತ್ತ ಹೇಳುವುದು ಇದನ್ನೇ: 'ಇದರೊಳಗೆ ಎಲ್ಲೋ ಇದ್ದೀರಿ'. ಹೆಚ್ಚಿನವರು ಚುಕ್ಕೆಯನ್ನು ನಂಬುತ್ತಾರೆ, ವೃತ್ತವನ್ನು ನೋಡುವುದಿಲ್ಲ!

ಒಳಾಂಗಣಕ್ಕೆಂದೇ ಬೇರೆ ಉಪಾಯಗಳಿವೆ. ಗೋಡೆಗೆ ಅಂಟಿಸಿದ ಬ್ಲೂಟೂತ್ ಬೀಕನ್‌ಗಳು, ವೈಫೈ ಸಂಕೇತ ಹೋಗಿಬರುವ ಸಮಯದ ಲೆಕ್ಕ, ಮಹಡಿ ಊಹಿಸಲು ಗಾಳಿಯ ಒತ್ತಡದ ಸಂವೇದಕ. ಆದರೆ ಇವುಗಳಲ್ಲಿ ಹಲವು ಹೇಳುವುದು 'ಈ ಬೀಕನ್‌ನಿಂದ ಎಂಟು ಮೀಟರ್' ಎಂಬಂಥ ಮಾತನ್ನು. ಆ ಬೀಕನ್ ಭೂಮಿಯ ಮೇಲೆ ಎಲ್ಲಿದೆ ಎಂದು ಯಾರಾದರೂ ಅಕ್ಷಾಂಶ, ರೇಖಾಂಶದಲ್ಲಿ ದಾಖಲಿಸಿರಬೇಕು. ಇಲ್ಲಿಯೇ ಎಲ್ಲರೂ ಹಂಚಿಕೊಳ್ಳುವ ಭೌಗೋಳಿಕ ದತ್ತಾಂಶ ಬೇಕಾಗುವುದು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ 'ಕೆ-ಜಿಐಎಸ್' ಗ್ರಾಮದ ಗಡಿ, ರಸ್ತೆ, ಸರ್ವೆ ನಕಾಶೆಗಳನ್ನು ಒಂದೇ ಅಳತೆಯ ಚೌಕಟ್ಟಿಗೆ ತಂದಿರುವುದರಿಂದಲೇ ದಿಶಾಂಕ್ ಸಾಧ್ಯವಾಯಿತು. ಆದರೆ ಇಂಥ ನಕಾಶೆಗಳು ಸಾಮಾನ್ಯವಾಗಿ ಕಟ್ಟಡದ ಬಾಗಿಲಿಗೇ ನಿಲ್ಲುತ್ತವೆ. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮಹಡಿ, ಕೋಣೆ, ಮೆಟ್ಟಿಲುಗಳನ್ನು ಗುರುತಿಸುವ ವ್ಯವಸ್ಥೆ ಇದೆ. ಆಸ್ಪತ್ರೆ, ಬಸ್ ನಿಲ್ದಾಣಗಳಿಗೆ ಅದು ಒಳ್ಳೆಯದೇ; ಮನೆಗಳ ಒಳಗನ್ನು ಹೀಗೆ ಬಿಚ್ಚಿಡುವುದು ಮಾತ್ರ ಬೇಡ ಎನ್ನುತ್ತೇವೆ ನಾವು.

ಕಲಬುರಗಿಯ ಬಹುಮಹಡಿ ಕಟ್ಟಡವೊಂದರ ನೆಲಮಹಡಿಗೂ ನಾಲ್ಕನೇ ಮಹಡಿಗೂ ಅಕ್ಷಾಂಶ, ರೇಖಾಂಶ ಒಂದೇ. ಆದ್ದರಿಂದ ತುರ್ತು ಕರೆ ಮಾಡುವಾಗ ಲೊಕೇಶನ್ ಕಳಿಸಿದ್ದೇವೆಂದು ಸುಮ್ಮನಾಗದೆ ಮಹಡಿ, ಕೋಣೆ, ಹತ್ತಿರದ ಮೆಟ್ಟಿಲನ್ನೂ ಬಾಯಲ್ಲಿ ಹೇಳಿ. ದಿಶಾಂಕ್ ನೋಡುವುದಿದ್ದರೆ ಬಯಲಿಗೆ ಬಂದು ಒಂದೆರಡು ನಿಮಿಷ ಕಾಯಿರಿ. ಬದುವಿನ ತಕರಾರಿದ್ದರೆ ಆ್ಯಪ್ ಸಾಕ್ಷಿಯಾಗದು, ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕರಿಂದಲೇ ಅಳೆಸಬೇಕು.